ಹೊರಬೀಡಿನ ದಿನದ ಎಣಿಕೆ

ಉತ್ತರೆ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಶ್ರೀರಾಂಪುರದಿಂದ ಒಳದಾರಿಯಲ್ಲಿ ಎಂಟು ಮೈಲಿ ಹೋದರೆ ಸಿಗುವ ಸಾಹುಕಾರರ ಕಟ್ಟೆಯ ಮೇಲೆ ಅಂದು ಮಧ್ಯಾಹ್ನ ಎರಡಕ್ಕೆ ಶುರುವಾದದ್ದು ಐದೂವರೆಯಾದರೂ ಸುರಿಯುತ್ತಲೇ ಇತ್ತು. ಏರಿಯ ಬಡಗಣ ತುದಿಯಲ್ಲಿ ಒಂದು ದೊಡ್ಡ ಬಂಡೆ, ಬಂಡೆಯ ಮೇಲೆ ಹನ್ನೆರಡು ಕಂಬದ, ಹಿಂಬದಿಗೆ ಗೋಡೆಯಿದ್ದ ಕಲ್ಲುಮಂಟಪ. ಗುಡ್ಡದ ಆಚೆಯ ಬಯಲಿನಲ್ಲಿ ಒಲೆ ಹೂಡಿದ್ದ, ಕಟ್ಟೆಯ ಕೆಳಗಿನ ಹಟ್ಟಿಯ ಜನವೆಲ್ಲ ಅರ್ಧ ಬೆಂದ ಅನ್ನದ ಪಾತ್ರೆ, ಕೋಳಿಬುಟ್ಟಿ, ಹಸುಗೂಸು, ಟಾರ್ಪಾಲು ಹೊತ್ತುಕೊಂಡು ಆ ಮಂಟಪಕ್ಕೆ ನುಗ್ಗಿದ್ದರು. ದನಗಳು ಹೊರಗೆ ಬಂಡೆಗೆ ಮೈಯೊರಗಿಸಿ ನೆನೆಯುತ್ತಿದ್ದವು.

ಅಂದು ಅವರಿಗೆ ಹೊರಬೀಡು. ದನಗಳಿಗೆ ಗಂಟುರೋಗ ಬಂದು ಮೂರು ಎತ್ತು ಸತ್ತ ಮೇಲೆ ಹಿರಿಯರು ದಿನ ಗೊತ್ತು ಮಾಡಿದ್ದರು. ಸೂರ್ಯ ಹುಟ್ಟುವ ಮೊದಲೇ ಒಲೆ ಆರಿಸಿ, ಮನೆಗೆ ಬೀಗ ಹಾಕಿ, ನಾಯಿ ಕೋಳಿ ಸಮೇತ ಊರು ಬಿಡಬೇಕು. ಊರಬಾಗಿಲಿಗೆ ಜಾಲಿಮುಳ್ಳು ಎಳೆಯಬೇಕು. ದೀಪ ಹಚ್ಚುವ ಹೊತ್ತಿಗೆ ಆ ಮುಳ್ಳು ತೆಗೆಯುವ ತನಕ ಊರೊಳಗೆ ಒಂದು ನರಪಿಳ್ಳೆಯೂ ಇರಕೂಡದು.

ಗುಂಪಿನ ಅಂಚಿನಲ್ಲಿ ಕಂಬವೊಂದಕ್ಕೆ ಬೆನ್ನು ಅಂಟಿಸಿಕೊಂಡು ಸುಮಿತ್ರಾ ಕೂತಿದ್ದಳು. ತುರುವನೂರಿನ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷ. ಖಾಸಗಿಯವರ ಸಣ್ಣ ಮಣ್ಣಿನ ಕಟ್ಟೆಗಳನ್ನು ಅಳೆದು, ಒಂದೊಂದಕ್ಕೂ ಅಪಾಯದ ವರ್ಗ ಗೊತ್ತು ಮಾಡುವ ಗುತ್ತಿಗೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಅವಳಿಗೆ ಆಗದು. ಆಡಬೇಕಾದ ಮಾತೆಲ್ಲ ಡೈರಿಗೆ ಹೋಗುತ್ತಿತ್ತು. ಎಣಿಸುವ ಕೆಲಸದಲ್ಲಿ ಮಾತು ಕಡಿಮೆ ಎಂದೇ ಇದಕ್ಕೆ ಸೇರಿದ್ದಳು. ವರ್ಗದ ಲೆಕ್ಕವೇನೂ ಕಷ್ಟದ್ದಲ್ಲ. ಕಟ್ಟೆ ಒಡೆದರೆ ಕೆಳಗೆ ಎಷ್ಟು ಜನರ ಪ್ರಾಣಕ್ಕೆ ಕುತ್ತು? ಜನ ಇದ್ದರೆ ‘ಹೆಚ್ಚು ಅಪಾಯ’. ಹಾಗಾದರೆ ಕೋಡಿ ಅಗಲಿಸಬೇಕು, ಮಳೆಗಾಲದಲ್ಲಿ ಕಾವಲು ಹಾಕಬೇಕು, ಇಷ್ಟೇ ನೀರು ನಿಲ್ಲಿಸಬೇಕೆಂಬ ಗೆರೆ ಬೀಳುತ್ತದೆ. ಜನ ಇಲ್ಲದಿದ್ದರೆ ‘ಕಡಿಮೆ ಅಪಾಯ’. ಆಮೇಲೆ ಎಲ್ಲ ಮಾಲೀಕರ ಇಷ್ಟ.

ಅವಳ ಮಡಿಲಲ್ಲಿದ್ದ ಟ್ಯಾಬಿನಲ್ಲಿ ‘ಕೆಳಗೆ ವಾಸವಿರುವ ಜನ’ ಎಂಬುದರ ಎದುರು ಸೊನ್ನೆ ಇತ್ತು. ‘ಕಳಿಸು’ ಎಂದು ಒತ್ತಿ ಮೂರೂವರೆ ಗಂಟೆಯಾಗಿತ್ತು. ಸಿಗ್ನಲ್ ಇಲ್ಲದೆ ಪುಟ್ಟ ಚಕ್ರವೊಂದು ಸುತ್ತುತ್ತಲೇ ಇತ್ತು.

ಆ ಸೊನ್ನೆ ಬಂದದ್ದು ಹೀಗೆ. ಕಟ್ಟೆಯ ಮಾಲೀಕ ಶಿವಕುಮಾರಪ್ಪನವರು ದುರ್ಗದಲ್ಲಿದ್ದರು. ಅವರ ಮ್ಯಾನೇಜರ್ ಕೊಟ್ರೇಶ್ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದವನು ಬರಲಿಲ್ಲ. ಕಾದು ನಿಂತು ದಾರಿಹೋಕರ ಹತ್ತಿರ ಮಾತಾಡುವುದಕ್ಕಿಂತ ತಾನೇ ಹೋಗಿ ಎಣಿಸಿ ಬರುವುದು ಮೇಲೆಂದು ಸುಮಿತ್ರಾ ಏರಿಯಿಳಿದಿದ್ದಳು. ದಾರಿಗೆ ಅಡ್ಡ ಮುಳ್ಳಿತ್ತು. ಮೇಕೆಗಳು ಬರದಿರಲೆಂದು ಹಾಕಿರಬೇಕು ಅಂದುಕೊಂಡು ಪಕ್ಕದಲ್ಲಿ ನುಸುಳಿದಳು. ದುಪಟ್ಟಾ ಸಿಕ್ಕಿ ಗೇಣುದ್ದ ಹರಿಯಿತು. ಹಟ್ಟಿಯಲ್ಲಿ ಸದ್ದಿರಲಿಲ್ಲ. ಆದರೆ ಜಗಲಿಗಳ ಮೇಲೆ ಜನ ಇದ್ದರು. ಕೇಳುವ ಮೊದಲೇ, “ಬರ್ಕಳ್ರಿ ತಾಯಿ, ನನ್ನ ಹೆಸರು ಬರ್ಕಳ್ರಿ” ಎಂದರು. ಟ್ಯಾಬು ಸ್ಕೂಟಿಯಲ್ಲಿ ಉಳಿದಿದ್ದರಿಂದ ಅವಳು ಡೈರಿಯಲ್ಲಿ ಬರೆದುಕೊಂಡಳು. ನಾಲ್ಕು ಜನ. ಮನೆಗಳ ಫೋಟೋ ತೆಗೆದಳು. ಟೇಪು ಹಿಡಿದು ಕೊನೆಯ ಮನೆಯವರೆಗೆ ಅಳೆದಳು. ಏರಿ ಹತ್ತಿ ಬಂದಾಗ ಕೊಟ್ರೇಶ್ ಬೈಕಿನ ಮೇಲೆ ಕೂತು ನಗುತ್ತಿದ್ದ.

“ಅಲ್ಲಿ ಯಾರವ್ರೆ ಮೇಡಂ? ಅವು ನಮ್ಮ ದಾಳಿಂಬೆ ತೋಟದ ಕೂಲಿ ಶೆಡ್ಡು. ಸೀಜನ್ನಿಗೆ ಬರ್ತಾರೆ, ಹೋಗ್ತಾರೆ.”

“ನಾಲ್ಕು ಜನ ಇದ್ರು...”

“ಎಲ್ಲಿ, ಫೋಟೋ ತೆಗೆದಿದ್ದೀರಲ್ಲ, ತೋರಿಸ್ರಿ.”

ತೋರಿಸಿದಳು. ಐದು ಫೋಟೋ, ಐದು ಬೀಗ, ಐದು ಖಾಲಿ ಜಗಲಿ. ಸುಮಿತ್ರಾ ದೊಡ್ಡದು ಮಾಡಿ ನೋಡಿದಳು, ಸಣ್ಣದು ಮಾಡಿ ನೋಡಿದಳು. “ತಿಂಡಿ ತಿಂದಿದ್ರಾ ಮೇಡಂ? ಬಿಸಿಲಿಗೆ ಕಣ್ಣು ಕತ್ತಲೆ ಬಂದಿರ್ತದೆ” ಎಂದ ಕೊಟ್ರೇಶ್. ಅವಳ ಕಿವಿ ಕೆಂಪಾಯಿತು. ಸ್ಕೂಟಿಯಿಂದ ಟ್ಯಾಬು ತೆಗೆದಳು. ಸೊನ್ನೆ ಬರೆದಳು.

ಅಷ್ಟರಲ್ಲಿ ಮಳೆ. ದಾರಿಯ ಹಳ್ಳ ತುಂಬಿ ಇಬ್ಬರೂ ಮಂಟಪದಲ್ಲಿ ಸಿಕ್ಕಿಕೊಂಡರು. ಅದರ ಹಿಂದೆಯೇ ಬಯಲಿನಿಂದ ಹಟ್ಟಿಯ ಜನ ಓಡಿ ಬಂದರು. ಅಂಥ ಜನರೇ ಇಲ್ಲವೆಂದಿದ್ದ ಕೊಟ್ರೇಶ್ ಸಿಗ್ನಲ್ ಇಲ್ಲದ ಫೋನನ್ನು ಕಿವಿಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಮಳೆ ಹೀಗೆ ಎಲ್ಲರನ್ನೂ ಒಂದೇ ಸೂರಿನಡಿಗೆ ತರುತ್ತದೆಂದು ಅವನ ಲೆಕ್ಕದಲ್ಲಿ ಇರಲಿಲ್ಲ.

ಆದರೆ ಸುಮಿತ್ರಾಳ ಬೆನ್ನಿಗೆ ಚಳಿ ಹತ್ತಿದ್ದು ಅದಕ್ಕಲ್ಲ. ಎದುರಿಗೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಹೆಂಗಸು, ಮೊಳಕೈವರೆಗೆ ಹಚ್ಚೆ, ಹಸಿರು ಬಳೆ... ಬೆಳಿಗ್ಗೆ ಎರಡನೇ ಮನೆಯ ಜಗಲಿಯಲ್ಲಿ ಕೂತು “ಶಾಂತಕ್ಕ ಅಂತ ಬರ್ಕಳ್ರಿ” ಎಂದವಳು ಇವಳೇ.

“ನೀವು... ಬೆಳಿಗ್ಗೆ ಕೆಳಗೆ ಇದ್ರಲ್ಲ?” ಸುಮಿತ್ರಾ ಮೆಲ್ಲನೆ ಕೇಳಿದಳು.

“ನಾನಾ? ಕೆಳಗಾ?” ಶಾಂತಕ್ಕ ಬಾಯಿ ತುಂಬ ನಕ್ಕಳು. “ಹೊರಬೀಡಿನ ದಿನ ಊರಾಗೆ ಯಾರಿರ್ತಾರೆ ತಾಯಿ? ನಸುಕಿಗೇ ಬಂದು ಒಲೆ ಹೂಡೀವಿ. ನೋಡ್ರಿ ಈ ಕೈಯಿ, ಹೋಳಿಗೆ ಬೇಯಿಸಿ ಬೇಯಿಸಿ ಸುಟ್ಕಂಡೀನಿ. ಅದಿರ್ಲಿ, ನನ್ನ ಎಲ್ಲಿ ನೋಡಿದ್ರಿ? ಈಗ ತಾನೆ ನಿಮ್ಮ ಮುಖ ನೋಡ್ತಾ ಇದೀನಿ.”

ಸುಮಿತ್ರಾ ದುಪಟ್ಟಾದ ಹರಿದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆದರೆ ಆ ಮಾತು ಕೇಳಿಸಿಕೊಂಡ ಇನ್ನೊಂದು ಕಿವಿ ಅಲ್ಲಿತ್ತು. ಮಂಟಪದ ಮೆಟ್ಟಿಲ ಬಳಿ ಕಂಬಳಿ ಹೊದ್ದು ಕೂತಿದ್ದ ಯತ್ತಪ್ಪಜ್ಜ ತಲೆಯೆತ್ತಿ ಅವಳ ಹರಿದ ದುಪಟ್ಟಾವನ್ನು ನೋಡಿದ. ಎಂಬತ್ತು ಸಮೀಪಿಸಿದ ನೀರಗಂಟಿ. ಕಟ್ಟೆಯ ತೂಬು ಎತ್ತಿ ಇಳಿಸಿ, ನೀರು ಹಂಚಿಯೇ ಬದುಕಿದವನು. ಮುಂದೆ ಒಂದು ಹಿತ್ತಾಳೆ ಚೊಂಬು ಇಟ್ಟುಕೊಂಡಿದ್ದ. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಆಗಾಗ ಹಿಡಿದು ತಂದು ನೋಡುವುದು ಅವನ ಪದ್ಧತಿ. ಜಿನುಗು ತಿಳಿಯಾಗಿದ್ದರೆ ಏರಿ ಗಟ್ಟಿ. ಕೆಂಪಾದರೆ ನೀರು ಒಳಗಿನ ಮಣ್ಣು ತಿನ್ನುತ್ತಿದೆ ಎಂದು ಅರ್ಥ. ಚೊಂಬಿನ ನೀರು ಆಗ ತಿಳಿಯಾಗಿತ್ತು.

“ಅಜ್ಜಾ, ಸುಮ್ನೆ ಕುಂತ್ರೆ ಚಳಿ ಜಾಸ್ತಿ. ಏನಾರ ಹೇಳು” ಎಂದಳು ಶಾಂತಕ್ಕ.

“ದೆವ್ವದ್ದೇ ಹೇಳು” ಎಂದವನು ಚಿಕ್ಕತಿಮ್ಮಪ್ಪ, ಟಾರ್ಪಾಲು ಕಟ್ಟುತ್ತಿದ್ದ ನಡುವಯಸ್ಸಿನ ಮಾತುಗಾರ. ಸುಮಿತ್ರಾ ಅವನ ಮುಖ ನೋಡಿ ಕಣ್ಣು ತಗ್ಗಿಸಿದಳು. ಡೈರಿಯ ಎರಡನೆಯ ಹೆಸರು.

ಯತ್ತಪ್ಪಜ್ಜ ಗಂಟಲು ಸರಿಮಾಡಿಕೊಂಡ.

“ಹತ್ರ ಬರ್ರಿ... ಇನ್ನೂ ಹತ್ರ ಕುಂತ್ಕಳ್ರಿ, ಮಳೆ ಸದ್ದಿನಾಗೆ ನನ್ನ ದನಿ ಹಾಯಲ್ಲ. ಮೇಡಮ್ಮೋರೆ, ನೀವೂ ಬರ್ರಿ, ಆ ಕಂಬ ಎಲ್ಲಿಗೂ ಓಡಿಹೋಗಲ್ಲ. ಹಾಂ... ಇಪ್ಪತ್ತೆರಡು ವರ್ಷದ ಹಿಂದೆ ಈ ಕಟ್ಟೆ ಒಡೆದು ಹಟ್ಟಿಯ ಹನ್ನೊಂದು ಜನ ಹೋದದ್ದು ನಿಮಗೆಲ್ಲ ಗೊತ್ತೈತೆ. ಹೋದ ಕತೆ ಗೊತ್ತೈತೆ. ಹೋಗಾಕೆ ಮುಂಚೆ ಅವರು ಬಂದಿದ್ದ ಕತೆ ಯಾರಿಗೈತೆ? ನಾನು ಹೇಳಿದ್ರೆ ತಾನೆ? ಇಷ್ಟು ವರ್ಷ ಈ ಬಾಯಿಗೆ ಬೀಗ ಹಾಕ್ಕಂಡಿದ್ದೆ. ಇವತ್ತು ಯಾಕೆ ತೆಗೀತೀನಿ ಅಂತ ಕೇಳಬ್ಯಾಡ್ರಿ... ನಿಮಗೇ ತಿಳೀತದೆ.

“ಆವತ್ತೂ ಹೊರಬೀಡೇ. ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂದಿತ್ತು. ಊರಿಗೆ ಮುಳ್ಳು ಎಳೆಯಾದು ಯಾರ ಮನೆತನ? ನಮ್ದೇ. ನೀರೂ ನಮ್ದೇ, ಮುಳ್ಳೂ ನಮ್ದೇ. ನಾನು ಮುಳ್ಳು ಎಳೆದು, ತಿರುಗಿ ನೋಡದಂಗೆ ಬಂದು, ತೂಬಿನ ಹತ್ರ ಕುಂತಿದ್ದೆ. ಜನ ಎಲ್ಲಾ ಗುಡ್ಡದ ಆಚೆ ತೋಪಿನಾಗೆ ಅಡಿಗೆ ಮಾಡ್ತಿದ್ರು. ಹತ್ತು ಗಂಟೆ ಬಸ್ಸಿಗೆ ಒಬ್ಬ ಸಾಹೇಬ ಬಂದ... ಜಯಕುಮಾರ್ ಅಂತ. ಮೀಸೆ ಸೈತ ಸರಿಯಾಗಿ ಮೂಡಿಲ್ಲ. ಮಾತು ಕಮ್ಮಿ. ಮೊಣಕಾಲ ಮೇಲೆ ಪುಸ್ತಕ ಇಟ್ಕಂಡು ಬರೆಯೋನು. ಯಾಕೆ ಬಂದ? ಈ ಮೇಡಮ್ಮೋರು ಬಂದಾರಲ್ಲ, ಅದಕ್ಕೇ. ಕಟ್ಟೆ ಒಡೆದ್ರೆ ಕೆಳಗೆ ಎಷ್ಟು ತಲೆ, ಆ ಲೆಕ್ಕಕ್ಕೆ. ಸರಿ, ಹೊರಬೀಡಿನ ದಿನವೇ ಯಾಕೆ ಬಂದ? ಈಗಿನೋರ ಅಪ್ಪ, ದೊಡ್ಡ ಸಾಹುಕಾರ್ರು, ಅದೇ ದಿನ ಬರ್ರಿ ಅಂತ ಕಾಗದ ಹಾಕಿದ್ರು. ಊರು ಖಾಲಿ ಇರ್ತದಲ್ಲ... ಅಲ್ವೇ ಕೊಟ್ರೇಶಪ್ಪ?”

“ನನ್ನ ಯಾಕ್ ಎಳೀತೀಯ ಅಜ್ಜ? ನಿನ್ನ ಕತೆ ನೀನು ಹೇಳು” ಎಂದ ಕೊಟ್ರೇಶ್, ಗೋಡೆಯ ಕಡೆಯಿಂದಲೇ.

ಸುಮಿತ್ರಾಗೆ ಕೊಟ್ರೇಶನ ಮೆಸೇಜು ನೆನಪಾಯಿತು. ಸೋಮವಾರ ಬರುತ್ತೇನೆ ಎಂದಿದ್ದಳು ಅವಳು. ಬೇಡ ಮೇಡಂ, ಮಂಗಳವಾರವೇ ಬನ್ನಿ ಎಂದಿದ್ದ ಅವನು.

“ಆ ಹುಡುಗ ನನಗೂ ಹೇಳದೆ ಕೆಳಗಿಳಿದು ಹೋಗ್ಯಾನೆ. ಮಧ್ಯಾಹ್ನ ಮೇಲೆ ಬಂದು ಕೇಳ್ದ, ‘ಯತ್ತಪ್ಪ, ನಿಮ್ಮೂರಾಗೆ ಹನ್ನೊಂದೇ ಜನ ಏನಪ್ಪ?’ ನಾನು ಬಿದ್ದು ಬಿದ್ದು ನಕ್ಕೆ. ‘ಸಾಮಿ, ಇವತ್ತು ಹನ್ನೊಂದಲ್ಲ, ಒಂದು ಇಲಿನೂ ಇಲ್ಲ’ ಅಂದೆ. ಅವನು ಪುಸ್ತಕ ತೆಗೆದು ಹೆಸರು ಓದಿದ. ಓದ್ತಾ ಓದ್ತಾ... ‘ಓಬಕ್ಕ, ನೀರಗಂಟಿ ಯತ್ತಪ್ಪನ ಹೆಂಡತಿ’ ಅಂದ.”

ಅಜ್ಜ ಕಂಬಳಿಯನ್ನು ಮೈಗೆ ಬಿಗಿದುಕೊಂಡ. ಮಳೆ ಕಲ್ಲಿನ ಮೇಲೆ ಬಡಿಯುತ್ತಿತ್ತು.

“ನನ್ನ ಹೆಂಡ್ತಿ ಹೆಸರು ಪರಸ್ಥಳದೋನಿಗೆ ಹೆಂಗೆ ಗೊತ್ತು? ‘ಅರ್ಧ ಗಂಟೆ ಹಿಂದೆ ತೋಪಿನಾಗೆ ಅವಳ ಕೈಯಿಂದ ಹೋಳಿಗೆ ತಿಂದು ಬಂದೀನಿ, ಬೆರಳಿನಾಗೆ ಇನ್ನೂ ತುಪ್ಪ ಐತೆ’ ಅಂದೆ. ಅವನು ಅಂದ, ‘ಇಲ್ಲಪ್ಪ, ಜಗಲಿ ಮೇಲೆ ಕುಂತು ಕೂದಲು ಹಿಂಡ್ತಿದ್ಲು. ಎಲ್ಲರ ತಲೆನೂ ಒದ್ದೆ ಇತ್ತು. ಏನು ಹಬ್ಬ ಇವತ್ತು?’”

ಸುಮಿತ್ರಾಳ ಕೈ ಬ್ಯಾಗಿನೊಳಗಿದ್ದ ಡೈರಿಯನ್ನು ಹಿಡಿಯಿತು. ಬೆಳಿಗ್ಗೆ ಬರೆದ ನಾಲ್ಕು ಹೆಸರಿನ ಕೆಳಗೆ ಅವಳದೇ ಒಂದು ಸಾಲಿತ್ತು. *ಎಲ್ಲರೂ ತಲೆಗೆ ಸ್ನಾನ ಮಾಡಿದ್ದಾರೆ, ಕೂದಲಿಂದ ನೀರು ಇಳಿಯುತ್ತಿದೆ. ಹಬ್ಬವಿರಬೇಕು.* ಆ ಹೊತ್ತಿಗೆ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ.

“ನಾನೂ ಸಾಹುಕಾರ್ರ ರೈಟರೂ ಅವನನ್ನ ಮುಳ್ಳಿನ ತನಕ ಕರಕಂಡು ಹೋದ್ವಿ. ಅಲ್ಲಿಂದ ಎಲ್ಲಾ ಮನೆ ಕಾಣ್ತವೆ. ಬೀಗ ಅವೆ, ಜನ ಇಲ್ಲ. ಅವನ ಮುಖ ಬಾಡಿಹೋತು. ನಾನು ಬಿಟ್ನಾ? ತೂಬಿನ ಮೇಲೆ ಕೈಯಿಟ್ಟು ಆಣೆ ಮಾಡಿದೆ, ಕೆಳಗೆ ಯಾರೂ ಇಲ್ಲ ಸಾಮಿ ಅಂತ. ಸುಳ್ಳು ಹೇಳಿದ್ನಾ? ನೀವೇ ಹೇಳ್ರಪ್ಪ, ಸುಳ್ಳಾ ಅದು? ನಿಜಾನೇ ಹೇಳಿದೆ... ನಿಜ ಹೇಳಿಯೇ ಹನ್ನೊಂದು ಜನರನ್ನ ಕೊಂದೆ. ಅವನು ಹಾಳೆ ಹರಿದು ಬಿಸಾಕಿದ, ಸೊನ್ನೆ ಬರೆದ, ಕಡಿಮೆ ಅಪಾಯ ಅಂತ ರುಜು ಹಾಕಿದ, ಮೂರು ಗಂಟೆ ಬಸ್ಸಿಗೆ ಹೋದ. ಆ ಹಾಳೆ, ಸುಣ್ಣ ಕಟ್ಟಾಕೆ ಆಗ್ತದೆ ಅಂತ, ನನ್ನ ಎಲೆಅಡಿಕೆ ಚೀಲ ಸೇರ್ತು.

“ಕಡಿಮೆ ಅಪಾಯ ಅಂದಮೇಲೆ ಕೇಳೋರು ಯಾರು? ಕೋಡಿಗೆ ಮರಳು ಚೀಲ ಪೇರಿಸಿ ಎರಡಡಿ ನೀರು ಜಾಸ್ತಿ ನಿಲ್ಲಿಸಿದ್ರು. ಈಗ ನಿಲ್ಲಿಸ್ಯಾರಲ್ಲ, ಹಂಗೇ... ಈಗ ಮೂರಡಿ. ನಲವತ್ತೊಂದನೇ ದಿನ ಇದೇ ಮಳೆ. ದೀಪ ಹಚ್ಚೋ ಹೊತ್ತು. ನಾನು ಮೇಲಿದ್ದೆ, ಓಬಕ್ಕ ಕೆಳಗಿದ್ಲು. ಆಮೇಲೆ ಏನು ಹೇಳಾದು? ಕಾಗದದಾಗೆ ಸೊನ್ನೆ ಐತಲ್ಲ, ಸೊನ್ನೆ ಜನ ಇರೋ ಕಡೆ ಸಾಯೋರ್ಯಾರು? ಹಳ್ಳ ದಾಟಾಕೆ ಹೋಗಿ ಕೊಚ್ಚಿಹೋದ್ರು ಅಂತ ಬರಕಂಡ್ರು. ತಿಥಿ ಆದಮೇಲೆ ಒಂದಿನ ಎಲೆ ಹಾಕ್ಕಳಾಕೆ ಚೀಲ ತೆಗೆದ್ರೆ ಆ ಹಾಳೆ ಬಂತು. ಇಸ್ಕೂಲು ಮೇಷ್ಟ್ರಿಗೆ ಕೊಟ್ಟು ಓದಿಸಿದೆ. ಹನ್ನೊಂದು ಹೆಸರು... ಅವವೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.”

ಯಾರೋ ಹೆಂಗಸು ‘ಶಿವಾ’ ಎಂದಳು. ಚಿಕ್ಕತಿಮ್ಮಪ್ಪ ಮಾತ್ರ ನಗಿಸಲು ನೋಡಿದ. “ಅಜ್ಜಾ, ಆ ಪಟ್ಟಿಗೆ ನನ್ನದೊಂದು ಹೆಸರು ಹಾಕ್ಸು. ರೇಷನ್ ಕಾರ್ಡಿನಾಗಂತೂ ಇವತ್ತಿಗೂ ಬಂದಿಲ್ಲ.”

ನಾಲ್ಕಾರು ಜನ ನಕ್ಕರು. ಅಜ್ಜ ನಗಲಿಲ್ಲ.

“ಲೇ ತಿಮ್ಮ, ನಗಬ್ಯಾಡ. ಹೊರಬೀಡಿನ ದಿನ ಊರು ಖಾಲಿ ಇರಲ್ಲ ಕಣೋ. ಹೋಗೋರು ಮೊದಲೇ ಬಂದು ಕುಂತಿರ್ತಾರೆ, ಯಾರಾದ್ರೂ ಬರಕಂತಾರೇನೋ ಅಂತ. ಬರಕಂಡ್ರೆ ಉಳಕಂತಾರೆ. ಬರೆದು ಅಳಿಸಿದ್ರೆ...” ಅವನು ಚೊಂಬು ಮುಂದೆ ನೂಕಿದ. “ಹೋಗು, ಬುಡದ ನೀರು ಹಿಡಕಂಡು ಬಾ. ಬಂಡೆ ಬಿಟ್ಟು ಕೆಳಗೆ ಇಳೀಬ್ಯಾಡ.”

ಚಿಕ್ಕತಿಮ್ಮಪ್ಪ ತಲೆಗೆ ಗೋಣಿ ಹಾಕಿಕೊಂಡು ಹೋದ. ಅವನು ತಿರುಗಿ ಬರುವ ಮೊದಲೇ, ಯಾರೋ ಗುಂಡಿ ಒತ್ತಿದಂತೆ, ಮಳೆ ನಿಂತಿತು.

ಮಂಟಪವಿಡೀ ಒಮ್ಮೆಲೇ ಎದ್ದಿತು. ಪಡುವಣದ ಮೋಡದಡಿ ಒಂದು ಗೆರೆ ಬೆಳಕು. ದೀಪ ಹಚ್ಚುವ ಹೊತ್ತು. ಟಾರ್ಪಾಲು ಮಡಚಿದರು, ಬುಟ್ಟಿ ಹೊತ್ತರು, ಹಗ್ಗ ಬಿಚ್ಚಿದರು. ಸುಮಿತ್ರಾ ಕೂಡ ಎದ್ದಳು. ಆಫೀಸಿನ ಟೇಪು ಹಟ್ಟಿಯಲ್ಲೇ ಉಳಿದಿತ್ತು. ಮುಳ್ಳು ತೆಗೆದ ಕೂಡಲೇ ಓಡಿ ತಂದುಬಿಡಬೇಕು ಅಂದುಕೊಂಡಳು.

“ನಡಿ ಅಜ್ಜ, ಮುಳ್ಳು ತೆಗಿ, ಹೋಗಾಣ” ಎಂದಳು ಶಾಂತಕ್ಕ.

“ಇವತ್ತು ತೆಗೆಯಲ್ಲ.”

“ಅಂಗಂದ್ರೆ?”

“ನಾನು ತೆಗೀದೆ ಯಾರೂ ಒಳಗೆ ಹೋಗಂಗಿಲ್ಲ. ಅದು ಊರ ಕಟ್ಟು. ಇವತ್ತು ಎಲ್ಲಾ ಬಂಡೆ ಮೇಲೇ ಮಲಗ್ರಿ.”

ಗದ್ದಲವೆದ್ದಿತು. ಕೂಸಿಗೆ ಜ್ವರ ಬಂದೀತು ಎಂದರು, ಹಸು ಕರೆಯಬೇಕು ಎಂದರು, ಮುದುಕನಿಗೆ ಅರಳುಮರುಳು ಎಂದರು. ಕೊಟ್ರೇಶ್ ಈಗ ಗೋಡೆ ಬಿಟ್ಟು ತಿರುಗಿದ. “ದೆವ್ವದ ಕತೆ ಕೇಳ್ಕಂಡು ಬಂಡೆ ಮೇಲೆ ನಡುಗ್ತಾ ಮಲಗ್ತೀರಾ? ಇಗೋ, ಓದಿದ ಎಂಜಿನಿಯರ್ರೇ ಇಲ್ಲೇ ಅವ್ರೆ. ಬೆಳಿಗ್ಗೆ ಇಡೀ ಹಟ್ಟಿ ಸುತ್ತಿ ಬಂದವ್ರೆ. ಹೇಳ್ರಿ ಮೇಡಂ, ಕೆಳಗೆ ಯಾರನ್ನಾದ್ರೂ ನೋಡಿದ್ರಾ? ಏನಂತ ಬರೆದ್ರಿ? ಹೇಳಿಬಿಡ್ರಿ, ಇವರೆಲ್ಲ ನೆಮ್ಮದಿಯಾಗಿ ಮನೆಗೆ ಹೋಗ್ಲಿ.”

ನಲವತ್ತು ಮುಖಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ‘ಯಾರನ್ನೂ ನೋಡಿಲ್ಲ’ ಎಂದುಬಿಟ್ಟರೆ ಮುಗಿಯಿತು. ಅದು ಸುಳ್ಳೂ ಅಲ್ಲ, ಫೋಟೋಗಳು ಹಾಗೇ ಹೇಳುತ್ತವೆ. ಯತ್ತಪ್ಪಜ್ಜ ಅವಳನ್ನೇ ನೋಡುತ್ತಿದ್ದ. ಆಗ ಸುಮಿತ್ರಾಗೆ ತಿಳಿಯಿತು. ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದನ್ನು ಅವನು ಈ ಮಂಟಪದಲ್ಲಿ ತೆರೆದದ್ದು ಹರಿದ ದುಪಟ್ಟಾದ ತನ್ನೊಬ್ಬಳಿಗೋಸ್ಕರ.

ಅವಳು ಡೈರಿ ತೆಗೆದಳು. ಮುಖ ನೋಡಿ ಹೇಳಲು ಆಗಲಿಲ್ಲ. ಹಾಳೆ ನೋಡಿಕೊಂಡೇ, ಶಾಲೆಯಲ್ಲಿ ಪಾಠ ಓದುವವಳಂತೆ ಓದಿದಳು.

“ಒಂದು, ಶಾಂತಕ್ಕ. ಎರಡನೇ ಮನೆ. ಎರಡು, ಚಿಕ್ಕತಿಮ್ಮಪ್ಪ. ಬೇವಿನ ಮರದ ಮನೆ. ಮೂರು, ಜಯಶೀಲಾ. ಬಾಣಂತನಕ್ಕೆ ತವರಿಗೆ ಬಂದಿದ್ದೀನಿ ಅಂದ್ರು. ನಾಲ್ಕು...” ಹಾಳೆಯನ್ನು ಇನ್ನೂ ಹತ್ತಿರ ಹಿಡಿದಳು. “ನಾಲ್ಕು, ಅವರ ಕೂಸು. ಗಂಡು. ಹೆಸರೇನು ಅಂದೆ. ಇನ್ನೂ ಇಟ್ಟಿಲ್ಲ, ನಾನೊಬ್ಬಳೇ ಗುಟ್ಟಾಗಿ ಚೆನ್ನ ಅಂತ ಕರೀತೀನಿ, ಅಂಗೇ ಬರ್ಕಳ್ರಿ, ಅಂದ್ರು.”

ಮೂಲೆಯಲ್ಲಿ ಕೂಸಿಗೆ ಕಂಬಳಿ ಸುತ್ತುತ್ತಿದ್ದ ಜಯಶೀಲಾಳ ಕೈ ನಿಂತಿತು. “ಆ ಹೆಸರು... ನನ್ನ ಗಂಡಗೂ ಹೇಳಿಲ್ಲ ನಾನು” ಎಂದಳು. ಆಮೇಲೆ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಒತ್ತಿ ಕೂತುಬಿಟ್ಟಳು.

ಅಷ್ಟರಲ್ಲಿ ಚಿಕ್ಕತಿಮ್ಮಪ್ಪ ಮೆಟ್ಟಿಲ ಬಳಿ ಬಂದು ನಿಂತಿದ್ದ. ತನ್ನ ಹೆಸರು ಕೇಳಿಸಿಕೊಂಡಿದ್ದ. ಚೊಂಬು ತಂದು ನಡುವೆ ಇಟ್ಟ.

ಅದರಲ್ಲಿದ್ದ ನೀರು ಕುಂಕುಮ ಕದಡಿದಂತಿತ್ತು.

ಹೊತ್ತ ಬುಟ್ಟಿಗಳು ಕೆಳಗಿಳಿದವು. ಬಿಚ್ಚಿದ ಹಗ್ಗಗಳನ್ನು ಮತ್ತೆ ಕಟ್ಟಿದರು. ಸುಮಿತ್ರಾ ಟ್ಯಾಬು ತೆಗೆದು ಸುತ್ತುತ್ತಿದ್ದ ಚಕ್ರವನ್ನು ನಿಲ್ಲಿಸಿ, ಸೊನ್ನೆ ಅಳಿಸಿ, ಎದ್ದು ನಿಂತು ತಲೆ ಎಣಿಸತೊಡಗಿದಳು. ಗಟ್ಟಿಯಾಗಿ, ಒಬ್ಬೊಬ್ಬರ ಹೆಸರು ಕೇಳಿ. ಮೂವತ್ತೆಂಟಕ್ಕೆ ಬಂದಿದ್ದಳು. ಆಗ ದನಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

ಮೊದಲು ಸದ್ದೇ ಇರಲಿಲ್ಲ. ಏರಿಯ ನಡುವೆ, ತೂಬಿನ ಪಕ್ಕ, ಒಂದು ಎತ್ತಿನಗಾಡಿಯಷ್ಟು ಜಾಗ ಮೆಲ್ಲಗೆ ಕುಳಿತುಕೊಂಡಿತು, ಸುಸ್ತಾದ ಮನುಷ್ಯ ಕೂರುವ ಹಾಗೆ. ಆಮೇಲೆ ಸದ್ದು. ಬಂಡೆಯೇ ನಡುಗಿತು. ಕೆಂಪು ನೀರು ಏರಿಯನ್ನು ಸೀಳಿಕೊಂಡು ಇಳಿಯಿತು. ಜಾಲಿಮುಳ್ಳು, ಬೇವಿನ ಮರ, ಎರಡನೇ ಮನೆ, ಮೂರನೇ ಮನೆ... ನೋಡನೋಡುತ್ತ ಎಲ್ಲ ಅದರೊಳಗೆ ಹೋಯಿತು. ಶಾಂತಕ್ಕ ಸುಟ್ಟ ಕೈಯನ್ನು ಬಾಯಿಗಿಟ್ಟುಕೊಂಡು ನೋಡುತ್ತ ನಿಂತಳು.

ಎಷ್ಟು ಹೊತ್ತಾಯಿತೋ. ಸದ್ದು ಇಳಿದ ಮೇಲೆ ಕೊಟ್ರೇಶ್ ಸೋತ ದನಿಯಲ್ಲಿ ಅಂದ, “ಇಲ್ಲದ ಕಟ್ಟೆಗೆ ಇನ್ಯಾವ ವರ್ಗ ಮೇಡಂ?”

“ಮತ್ತೆ ಕಟ್ತಾರೆ” ಎಂದ ಯತ್ತಪ್ಪಜ್ಜ. “ಆವಾಗ್ಲೂ ಕಟ್ಟಿದ್ರು. ನೀವು ಬರೀರಿ ತಾಯಿ. ಹೆಚ್ಚು ಅಪಾಯ. ದಪ್ಪಗೆ ಬರೀರಿ.”

ಅವಳು ಬರೆದಳು. ನಲವತ್ತಮೂರು ಜನ. ಯಾರೋ ಒಲೆ ಹೂಡಿದರು. ಒದ್ದೆ ಸೌದೆಯ ಹೊಗೆ ಎದ್ದಿತು. ಅಜ್ಜ ಮೆಲ್ಲನೆ ಸರಿದು ಅವಳ ಪಕ್ಕಕ್ಕೆ ಬಂದು ಕೂತ. ಉಳಿದವರಿಗೆ ಕೇಳದ ದನಿಯಲ್ಲಿ ಕೇಳಿದ.

“ಮೇಡಮ್ಮೋರೆ, ಅಳತೆ ಟೇಪು ಎಲ್ಲಿ ಬಿಟ್ರಿ?”

“ಕೊನೇ ಮನೆ ಜಗಲಿ ಮೇಲೆ. ಮುಳ್ಳು ತೆಗೆದ್ರೆ ತರೋಣ ಅಂತಿದ್ದೆ.”

“ಆ ಮನೆಗೆ ಬೀಗ ಇತ್ತಾ... ಬಾಗಿಲು ತೆಗೆದಿತ್ತಾ?”

ಸುಮಿತ್ರಾ ಕಂಡದ್ದನ್ನು ಹೇಳಿದಳು. ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಕತ್ತಲು. ಕತ್ತಲಲ್ಲಿ ಒಬ್ಬ ಹುಡುಗಿ ಇತ್ತ ಬೆನ್ನು ಹಾಕಿ ಕೂತು, ಮೊಣಕಾಲ ಮೇಲೆ ಏನನ್ನೋ ಇಟ್ಟುಕೊಂಡು ಬರೆಯುತ್ತಿದ್ದಳು. ಒದ್ದೆ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕರೆಯೋಣವೆಂದು ಬಾಯಿ ತೆರೆದಿದ್ದಳು ಸುಮಿತ್ರಾ. ಯಾರೋ ಓದುವ ಹುಡುಗಿ, ತೊಂದರೆ ಕೊಡುವುದೇಕೆ ಎಂದು ಸಂಕೋಚಪಟ್ಟು ತಿರುಗಿದ್ದಳು. ಆ ಗಡಿಬಿಡಿಯಲ್ಲೇ ಟೇಪು ಮರೆತದ್ದು.

“ಹೆಸರು ಕೇಳಿದ್ರಾ?”

“ಇಲ್ಲ.”

ಅಜ್ಜ ಒಡೆದ ಏರಿಯ ಕಡೆ ತಿರುಗಿದ.

“ಆಗ ಕತೆ ಹೇಳುವಾಗ ಒಂದು ಮಾತು ಜನರ ಮುಂದೆ ಮುಚ್ಚಿಟ್ಟೆ ತಾಯಿ. ಪಟ್ಟಿನಾಗೆ ಇದ್ದದ್ದು ಹನ್ನೊಂದು. ನಾನು ಹೊತ್ತ ಹೆಣ ಹನ್ನೆರಡು. ಮೂರನೇ ದಿನ ಹಳ್ಳದ ತಿರುವಿನಾಗೆ ಸಿಕ್ಕಿದ್ದು ಆ ಹುಡುಗನೇ, ಜಯಕುಮಾರ. ಕಟ್ಟೆ ಒಡೆದ ಸಂಜೆ ಯಾಕೆ ವಾಪಸ್ ಬಂದಿದ್ನೋ... ಹರಿದ ಹಾಳೆ ಹುಡುಕಾಕೋ, ಜನಕ್ಕೆ ಹೇಳಾಕೋ. ಕೊನೇ ಮನೆಯಾಗೆ ಯಾರೋ ಬೆನ್ನು ಹಾಕಿ ಬರೀತಿದ್ದ ಅಂತ ಅವನೇ ಎಣಿಸಿದ ದಿನ ಅಂದಿದ್ದ, ಆ ಹನ್ನೆರಡನೇದನ್ನ ಮಾತ್ರ ಬರಕಂಡೇ ಇರಲಿಲ್ಲ. ಎಣಿಸೋರು ತಮ್ಮನ್ನ ಎಣಿಸ್ಕಳಲ್ಲ ನೋಡ್ರಿ.”

“ಆದ್ರೆ ನಾನು ಮೇಲೆ ಇದ್ದೀನಲ್ಲ ಅಜ್ಜ. ನೀರು ಹೋಗಿ ಆಯ್ತಲ್ಲ...” ಎನ್ನುತ್ತಲೇ ಸುಮಿತ್ರಾ ಡೈರಿ ತೆರೆದಳು. ನಾಲ್ಕನೆಯ ಹೆಸರಿನ ಕೆಳಗೆ ಐದು ಎಂದು ಹಾಕಿ ತನ್ನ ಹೆಸರು ಬರೆಯತೊಡಗಿದಳು. ಮುದುಕನ ತಣ್ಣನೆಯ ಕೈ ಅವಳ ಕೈಮೇಲೆ ಬಂದು ಪೆನ್ನನ್ನು ತಡೆಯಿತು.

“ನಮ್ಮ ಹೆಸರು ನಾವೇ ಬರಕಂಡ್ರೆ ಲೆಕ್ಕಕ್ಕೆ ಬರಲ್ಲ ತಾಯಿ. ನೀವು ಬರಕಂಡ ನಾಲ್ಕು ಜೀವ ಉಳಿದ್ವು, ನಿಮ್ಮ ಕೈಗೆ ಪುಣ್ಯ ಬರ್ಲಿ. ಆದ್ರೆ ಆ ಕೊನೇ ಮನೆಯೋಳ ಹತ್ರ ಯಾರು ಹೋಗಿ ಹೆಸರು ಕೇಳಿದ್ರು? ಕಟ್ಟೆ ಇದೊಂದೇ ಅಲ್ಲ, ಹೊರಬೀಡು ಇದೊಂದೇ ಊರಾಗಲ್ಲ... ಇನ್ನು ಮೇಲೆ ಮುಳ್ಳು ಎಳೆದ ಊರು ಕಂಡ್ರೆ ನೀವು ಕೆಳಗಿಳೀಬ್ಯಾಡ್ರಿ. ಕೇಳೋರು ಬರೋ ತನಕ ಅವಳು ತಲೆ ಎತ್ತಲ್ಲ. ಮನೆ ಕೊಚ್ಚಿಹೋತು ಅಂತ ಎದ್ದು ಹೋಗ್ಯಾಳೆ ಅಂದ್ಕಂಡ್ರಾ?... ಇಲ್ಲ ತಾಯಿ. ಇನ್ನೂ ಬರೀತಾ ಕುಂತವ್ಳೆ.”